ಬುವಾಚನ್ ದೊಡ್ಡಮ್ಮನ ಹೋಟೆಲಿನಲ್ಲಿ ಬಿಟ್ಟುಬಂದದ್ದು

ಊಟವನ್ನೇ ಮಾಡದ ಮಗು ತೇಗುವುದಾದರೂ ಹೇಗೆ?

ದಾಲಿವನ್‌ಳ ತಲೆಯೊಳಗೆ ಈ ಪ್ರಶ್ನೆ ಹೊಕ್ಕು ಕೂತು, ಏಳಲೊಲ್ಲದು. ಬಟ್ಟೆ ಒಗೆಯುವಾಗ, ಅಂಟಕ್ಕಿ ನೆನೆಹಾಕುವಾಗ, ದೂರದ ಬೆಟ್ಟಗಳಲ್ಲಿ ಕರೆಂಟಿನ ತಂತಿ ಎಳೆಸುತ್ತಿದ್ದ ಗಂಡನಿಗೆ ಫೋನಿನಲ್ಲಿ "ಎಲ್ಲಾ ಆರಾಮ" ಎಂದು ಸುಳ್ಳು ಹೇಳುವಾಗ, ಅದೇ ಪ್ರಶ್ನೆ. ಮಗಳು ಪಿಮ್ಮಸೋನ್ ಕೆಲವು ದಿನಗಳಿಂದ ನೀರು ಬಿಟ್ಟರೆ ಬೇರೇನನ್ನೂ ಬಾಯಿಗೆ ಹಾಕಿಸಿಕೊಂಡಿರಲಿಲ್ಲ. ಆದರೂ ಮೈ ಇಳಿದಿರಲಿಲ್ಲ. ಡಾಕ್ಟರು ತೂಕ ನೋಡಿ, ನಾಲಿಗೆ ನೋಡಿ, "ಮಕ್ಕಳು ಹಟ ಮಾಡ್ತಾವೆ ಕಣಮ್ಮ" ಎಂದು ಟಾನಿಕ್ ಬರೆದುಕೊಟ್ಟರು. ಅವರಿಗೆ ತೇಗಿನ ಸಂಗತಿ ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ಹೊಳೆದಂಡೆಯ ದೀಪಗಳು ಹತ್ತುವ ಹೊತ್ತಿಗೆ ಮಗು ಗೋಡೆಯ ಕಡೆ ಮುಖ ಮಾಡಿ ಕೂರುತ್ತಿತ್ತು. ಬಾಯಲ್ಲಿ ಏನೂ ಇಲ್ಲದೆ ದವಡೆ ಆಡುತ್ತಿತ್ತು. ಆಮೇಲೆ ತೃಪ್ತಿಯ ಒಂದು ಪುಟ್ಟ ತೇಗು. ಅದರಲ್ಲಿ ಬಾಳೆಲೆಯಲ್ಲಿ ಬೆಂದ ಮೀನಿನ ವಾಸನೆ, ಸಬ್ಬಸಿಗೆ ಸೊಪ್ಪಿನ ವಾಸನೆ. ಮನೆಯಲ್ಲಿ ಸಬ್ಬಸಿಗೆಯ ಒಂದು ಎಸಳೂ ಇರಲಿಲ್ಲ.

ಆ ವಾಸನೆ ಎಲ್ಲಿಯದೆಂದು ಥಾಖೇಕ್ ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಹಳೆಯ ದೋಣಿಗಟ್ಟೆಯ ಪಕ್ಕದಲ್ಲಿ, ತಗಡಿನ ಮಾಡಿನ ಕೆಳಗೆ ನಾಲ್ಕಾರು ಮೇಜು ಹಾಕಿಕೊಂಡಿದ್ದ ಬುವಾಚನ್ ದೊಡ್ಡಮ್ಮನ ಹೋಟೆಲು. ಸೇತುವೆ ಇಲ್ಲದ ಕಾಲದಲ್ಲಿ ಮೆಕಾಂಗ್ ದಾಟುವವರೆಲ್ಲ ಅಲ್ಲೇ ಕೂತು ಉಣ್ಣುತ್ತಿದ್ದರು. ದೋಣಿಯವನು ಕೊಂಬು ಊದಿದನೋ, ಅರ್ಧ ಊಟದಲ್ಲೇ ಎದ್ದು ಓಟ. ಕೊಡೆ, ಕನ್ನಡಕ, ಮಗುವಿನ ಟೋಪಿ, ಒಮ್ಮೆ ಯಾರದೋ ಕಟ್ಟಿಸಿದ ಹಲ್ಲು ಸಹ ಮೇಜಿನ ಮೇಲೆ ಉಳಿಯಿತು. ದೊಡ್ಡಮ್ಮ ಅವನ್ನೆಲ್ಲ ಗೋಡೆಯ ಹಲಗೆಯ ಮೇಲೆ ಸಾಲಾಗಿಟ್ಟು, ದಿನಾ ಧೂಳು ಒರೆಸಿ ಕಾಯುತ್ತಿದ್ದಳು. ಯಾರ ವಸ್ತುವೆಂದು ಗೊತ್ತಿದ್ದರೂ ಕಳಿಸುತ್ತಿರಲಿಲ್ಲ. "ಅವರೇ ಕೇಳ್ಲಿ. ಕೇಳದೆ ಕೊಟ್ರೆ ಅದು ಅವರ ಹತ್ರ ನಿಲ್ಲಲ್ಲ" ಎನ್ನುತ್ತಿದ್ದಳು.

ಟುಕ್‌ಟುಕ್ ಓಡಿಸುವ ಪನ್ಯಾನಿಗೆ ಆ ಹಲಗೆಯೆಂದರೆ ದಿನದ ತಮಾಷೆ. "ದೊಡ್ಡಮ್ಮ, ನಾಳೆ ನನ್ನ ಹೆಂಡ್ತೀನ ಇಲ್ಲೇ ಮರೆತು ಹೋಗ್ತೀನಿ, ಹಲಗೆ ಮೇಲೆ ಇಟ್ಕೊ."

"ಅವಳೇ ನಿನ್ನ ಮರೆತು ಹೋಗ್ತಾಳೆ ನೋಡು. ನಿನ್ನ ಹೊಟ್ಟೆ ತಡಿಯೋವಷ್ಟು ಗಟ್ಟಿಯಿಲ್ಲ ನನ್ನ ಹಲಗೆ."

ಅಲ್ಲಿ ಉಣ್ಣುವವರಿಗೆ ಒಂದೇ ಒಂದು ಇರಿಸುಮುರಿಸು. ಕೊಚ್ಚಿದ ಮಾಂಸದ ಲಾಪ್ ತಟ್ಟೆ, ಬಿದಿರುಕಳಲೆ ಸಾರು, ಏನೇ ತಂದಿಟ್ಟರೂ ದೊಡ್ಡಮ್ಮ ಅಲ್ಲೇ ನಿಲ್ಲುತ್ತಿದ್ದಳು. ಮೊದಲ ತುತ್ತು ಬಾಯಿಗೆ ಹೋಗುವವರೆಗೂ ರೆಪ್ಪೆ ಮಿಟುಕಿಸದೆ ಮುಖವನ್ನೇ ನೋಡುತ್ತಿದ್ದಳು. ನೋಡಿ, ಚಿಟಿಕೆ ಉಪ್ಪು ಉದುರಿಸುತ್ತಿದ್ದಳು, ಇಲ್ಲವೇ ನಿಂಬೆ ಹಿಂಡುತ್ತಿದ್ದಳು. ಆಮೇಲೆ ಆ ಊಟಕ್ಕೆ ಸಾಟಿಯೇ ಇರುತ್ತಿರಲಿಲ್ಲ.

ಇನ್ನೊಂದು ಪದ್ಧತಿ. ಮಕ್ಕಳೊಂದಿಗೆ ಬಂದವರು ಎದ್ದಾಗ ದೊಡ್ಡಮ್ಮ ಸೌಟು ಹಿಡಿದೇ ಬಾಗಿಲಿಗೆ ಬರುತ್ತಿದ್ದಳು. "ಕರ್ಕೊಂಡು ಹೋಗಿ." ತಾಯಂದಿರು ಹೊಸಿಲಲ್ಲಿ ಹಿಂತಿರುಗಿ ನಿಂತು, ಮಗು ಕಂಕುಳಲ್ಲೇ ಇದ್ದರೂ ಒಳಗಿನ ಖಾಲಿ ಮೇಜಿನ ಕಡೆ ನೋಡಿ ಹೆಸರು ಹಿಡಿದು ಕೂಗುತ್ತಿದ್ದರು, "ಬಾರೋ ಕಂದಾ, ಮನೆಗೆ ಹೋಗೋಣ." ಮಗುವಿನೊಳಗಿನ ಖ್ವಾನ್, ಆ ಪುಕ್ಕಲು ಜೀವದೆಳೆ, ಸದ್ದಿಗೆ ಹೆದರಿದರೆ ಸಿಕ್ಕ ಮೂಲೆಯಲ್ಲಿ ಅಡಗಿಬಿಡುತ್ತದೆ. ಹೆತ್ತವಳು ಕರೆಯದೆ ಹೊರಗೆ ಬರುವುದಿಲ್ಲ.

ದಾಲಿವನ್ ಹುಟ್ಟಿ ಬೆಳೆದದ್ದು, ಕಾಲೇಜು ಓದಿದ್ದು ರಾಜಧಾನಿ ವಿಯೆಂಟಿಯಾನ್‌ನಲ್ಲಿ. ಇದೆಲ್ಲ ಅವಳಿಗೆ ಅಜ್ಜಿಯ ಬಾಯಲ್ಲಿ ಕೇಳಿ ಮರೆತ ಸಂಗತಿ. ಮಗಳು ಊಟ ಬಿಡುವ ಹಿಂದಿನ ಸಂಜೆ, ಅದೇ ಹೋಟೆಲಿನಲ್ಲಿ, ಅಂಟಕ್ಕಿ ಅನ್ನವನ್ನು ಉಂಡೆ ಕಟ್ಟಿ ಮೀನಿಗೆ ಅದ್ದಿ ಅದ್ದಿ ತಿಂದಿದ್ದಳು. ಆಗಲೇ ಹಿತ್ತಲಲ್ಲಿ ಸ್ಟೀಲ್ ತಟ್ಟೆಗಳ ರಾಶಿ ದಡಬಡನೆ ಕುಸಿಯಿತು. ಮಗು ಚೀರಿ ಮೂಲೆಯ ಮೇಜಿನಡಿ ತೂರಿಕೊಂಡಿತು. ಎಳೆದು ಎತ್ತಿಕೊಂಡರೆ ಅತ್ತು ಅತ್ತು ಹೆಗಲ ಮೇಲೇ ನಿದ್ದೆಹೋಯಿತು.

"ಕರೆದು ಹೋಗು ಮಗಳೇ" ಎಂದಳು ಬುವಾಚನ್.

"ಹೆಗಲ ಮೇಲೇ ಇದ್ದಾಳಲ್ಲ ದೊಡ್ಡಮ್ಮ, ಇನ್ಯಾರನ್ನ ಕರೀಲಿ?" ದಾಲಿವನ್ ನಕ್ಕಿದ್ದಳು.

ಬೇರೆ ಯಾರೂ ನಗಲಿಲ್ಲ. ಪನ್ಯಾ ಸಾರಿನ ಬಟ್ಟಲಿನಲ್ಲಿ ಮುಖ ಹುದುಗಿಸಿದ.

ಈಗ ಪಕ್ಕದ ಮನೆಯ ಲಾಮ್‌ಚಿಯಾಕ್ ಬೇಲಿಯಾಚೆಯಿಂದ ಕತ್ತು ಚಾಚಿ ಇನ್ನಷ್ಟು ಹೆದರಿಸಿದಳು. "ಹೋಗಿ ಹೋಗಿ ಆ ಮುದುಕಿ ಹತ್ರ ಮಗೂನ ಕರ್ಕೊಂಡು ಹೋಗಿದ್ಯಲ್ಲೇ! ಅವಳ ಮೈಯಲ್ಲಿ ಪೀಪೋಪ್ ಇದೆ ಅಂತಾರಪ್ಪ. ಒಳಗೇ ಕೂತು ಕರುಳು ತಿನ್ನೋ ದೆವ್ವ. ನಾನು ಹೇಳಿದೆ ಅಂತ ಎಲ್ಲೂ ಹೇಳ್ಬೇಡ ಮತ್ತೆ."

ಮಗುವನ್ನು ಅವಳ ಬಳಿಯೇ ಬಿಟ್ಟು, ಮಧ್ಯಾಹ್ನದ ಬಿಸಿಲಲ್ಲಿ ದಾಲಿವನ್ ದೋಣಿಗಟ್ಟೆಗೆ ಹೋದಳು. ಹೋಟೆಲು ಖಾಲಿ. ಹೊರಗೆ ಪನ್ಯಾ ತನ್ನ ಗಾಡಿಯಲ್ಲಿ ಕಾಲು ಚಾಚಿ ಮಲಗಿದ್ದ. ಒಳಗೆ ಬುವಾಚನ್ ಒರಳಿನಲ್ಲಿ ಪರಂಗಿಕಾಯಿ ಕುಟ್ಟುತ್ತಿದ್ದಳು.

"ದೊಡ್ಡಮ್ಮ, ಅವತ್ತು ನನ್ನ ಮಗಳಿಗೆ ಏನು ತಿನ್ನಿಸಿದ್ರಿ?"

"ಅವತ್ತು ತಿನ್ನಿಸಿದ್ದು ನೀನು." ಒನಕೆ ನಿಲ್ಲಲಿಲ್ಲ. "ಆಮೇಲಿಂದ ನಾನು."

ಮೂಲೆಯ ಮೇಜಿನಡಿ ಒಂದು ತಗ್ಗು ಮಣೆ. ಅದರ ಮುಂದೆ ಬಿಚ್ಚಿಟ್ಟ ಬಾಳೆಲೆ, ಮುಳ್ಳು ತೆಗೆದ ಮೀನು, ತೆಂಗಿನಕಾಯಿ ಗಾತ್ರದ ಅನ್ನದ ಬುಟ್ಟಿ. ಅನ್ನದಲ್ಲಿ ಎಳೆಯ ಬೆರಳುಗಳ ಗುಳಿಗಳು. ದಾಲಿವನ್‌ಗೆ ಆ ಗುಳಿಗಳ ಗುರುತು ಹತ್ತಿತು. ಮಗಳು ಹೆಬ್ಬೆರಳನ್ನು ಒಳಗೆ ಮಡಚಿಯೇ ಅನ್ನ ಕೀಳುವವಳು.

"ಕಾಲು ಆಡಿಸ್ಬೇಡ, ಮಣೆ ಮಗುಚುತ್ತೆ" ಎಂದು ಬುವಾಚನ್ ಆ ಕಡೆ ನೋಡದೆಯೇ ಗದರಿದಳು.

ಟಕ್ ಟಕ್ ಸದ್ದು ನಿಂತಿತು. ಅಷ್ಟು ಹೊತ್ತೂ ಸದ್ದಾಗುತ್ತಿತ್ತೆಂದು ದಾಲಿವನ್‌ಗೆ ಗೊತ್ತಾದದ್ದು ಅದು ನಿಂತ ಮೇಲೆಯೇ.

"ಪೀಪೋಪ್!" ಅವಳು ಕಿರುಚಿದಳು. "ಊರವರು ಹೇಳೋದು ನಿಜ! ನೀವು ಪೀಪೋಪ್!"

ಬುವಾಚನ್ ಒನಕೆಯನ್ನು ಒರಳಿನ ಅಂಚಿಗೆ ಒರಗಿಸಿದಳು. ಕೋಪ ಬಂದಂತೆ ಕಾಣಲಿಲ್ಲ. ಯಾವಾಗಲೋ ಕೇಳಿದ ದನಿ ಮತ್ತೆ ಕೇಳಿಸಿದವಳಂತೆ ತಗಡಿನ ಮಾಡನ್ನು ಒಮ್ಮೆ ನೋಡಿದಳು. "ಕರೆದುಬಿಡು ಮಗಳೇ. ನಾನು ಎಷ್ಟು ದಿನ ಅಂತ ಉಣಿಸ್ಲಿ?"

ದಾಲಿವನ್ ಹೊರಗೋಡಿ ಗಾಡಿ ಹತ್ತಿದಳು. ಪನ್ಯಾ ಎದ್ದು ಗಾಡಿ ಹೊರಡಿಸಿದ.

"ಆ ಮಾತು ಆಡ್ಬಾರ್ದಿತ್ತು ತಂಗಿ" ಎಂದ. "ದೊಡ್ಡಮ್ಮನ ಅಮ್ಮನಿಗೂ ಹಳ್ಳೀಲಿ ಅದೇ ಹೆಸರು ಕಟ್ಟಿ, ಮಾಡಿನ ಮೇಲೆ ಕಲ್ಲು ಎಸೆದ್ರಂತೆ. ಬೆಳಕು ಹರಿಯೋ ಮುಂಚೆ ತಾಯಿ, ಆಗಿನ್ನೂ ಮಗುವಾಗಿದ್ದ ದೊಡ್ಡಮ್ಮ, ಇಬ್ರೂ ದೋಣೀಲಿ ಓಡಿ ಬಂದ್ರು. ತಾಯಿ ಆ ಒರಳು ಮರೀಲಿಲ್ಲ, ಉಪ್ಪಿನ ಮಡಕೆ ಮರೀಲಿಲ್ಲ. ಮಗೂನ ಕರೆಯೋದು ಮರೆತ್ಲು."

"ಮಗು ಜೊತೇಲೇ ಇತ್ತಲ್ಲ?"

"ನಿನ್ನ ಹೆಗಲ ಮೇಲೂ ಇತ್ತಲ್ಲ." ಅವನು ಕನ್ನಡಿಯಲ್ಲಿ ಅವಳನ್ನು ನೋಡಿದ. "ದೊಡ್ಡಮ್ಮ ಅಡುಗೆಯ ರುಚಿ ನೋಡಿದ್ದನ್ನ ಯಾವತ್ತಾದ್ರೂ ಕಂಡಿದ್ದೀಯಾ? ಅವಳ ನಾಲಿಗೆಗೆ ಅವತ್ತಿಂದ ರುಚಿಯೇ ಇಲ್ಲ. ಉಪ್ಪೂ ಅಷ್ಟೇ, ಮಣ್ಣೂ ಅಷ್ಟೇ. ಬಂದೋರ ಮುಖ ನೋಡಿ ಉಪ್ಪು ಹಾಕ್ತಾಳೆ. ವಾಪಸು ಹೋಗಿ ಕರೀಬೇಕು ಅಂದ್ರೆ ಕರೆಯೋಳೇ ಇಲ್ಲ ಈಗ. ಅವಳಮ್ಮ ಸತ್ತು ಯಾವ ಕಾಲ ಆಯ್ತು."

ಲಾಮ್‌ಚಿಯಾಕ್ ಬಳಿಯಿಂದ ಮಗುವನ್ನು ಎತ್ತಿಕೊಂಡು ಮನೆಗೆ ಬಂದವಳೇ ದಾಲಿವನ್ ಬಾಗಿಲು ಹಾಕಿ ಅಗಳಿ ಜಡಿದಳು. ಗಾಡಿಯವನ ಕಟ್ಟುಕತೆ, ಎಂದುಕೊಂಡಳು. ಮತ್ತೆ ಮತ್ತೆ ಹಾಗೇ ಅಂದುಕೊಂಡಳು. ಸಂಜೆ ಕವಿಯಿತು. ಮಗು ಗೋಡೆಯ ಕಡೆ ತಿರುಗಿತು. ದವಡೆ ಆಡತೊಡಗಿತು.

ಅವಳು ನಿಂಬೆಹಣ್ಣು ಕೊಯ್ದು, ಮಗಳ ಗಲ್ಲ ಹಿಡಿದು, ನಾಲಿಗೆಯ ಮೇಲೆ ಹಿಂಡಿದಳು. ಎಂಥ ಮಗುವಾದರೂ ಮುಖ ಕಿವುಚಬೇಕು. ಪಿಮ್ಮಸೋನ್ ಕಿವುಚಲಿಲ್ಲ. ರಸ ತುಟಿಯಂಚಿನಿಂದ ಇಳಿಯಿತು. ಮಗು ತಲೆಯೆತ್ತಿ, ರೆಪ್ಪೆ ಮಿಟುಕಿಸದೆ, ತಾಯಿಯ ಮುಖವನ್ನೇ ನೋಡಿತು. ಬಾಯಲ್ಲಿರುವುದು ಹುಳಿಯೋ ಸಿಹಿಯೋ ಎಂದು ಅಲ್ಲಿ ಹುಡುಕುವಂತೆ ನೋಡಿತು. ದಾಲಿವನ್‌ಳ ಹುಬ್ಬು ಗಂಟಿಕ್ಕಿದ ಮೇಲೆ, ಅದನ್ನು ನೋಡಿ ಕಲಿತಂತೆ, ತಾನೂ ನಿಧಾನವಾಗಿ ಹುಬ್ಬು ಗಂಟಿಕ್ಕಿತು.

ಅವಳು ನಿಂಬೆಯನ್ನು ಪಕ್ಕಕ್ಕಿಟ್ಟಳು. ಇನ್ನೊಂದು ಬುವಾಚನ್. ಊರಿಗೆಲ್ಲ ಉಣಿಸಿ, ತನಗೆ ಮಾತ್ರ ಏನೂ ರುಚಿಸದೆ ಮುದುಕಿಯಾಗುವವಳು.

ಮೀನು ತರಿಸಲೆಂದು ಎಂದೋ ಬರೆದಿಟ್ಟುಕೊಂಡಿದ್ದ ಹೋಟೆಲಿನ ನಂಬರು ಫೋನಿನಲ್ಲಿತ್ತು. ಮಗಳನ್ನು ಮಡಿಲಿಗೆಳೆದುಕೊಂಡು ಅವಳು ನಂಬರು ಒತ್ತಿದಳು.

ಆ ಕಡೆ ಬಟ್ಟಲುಗಳ ಸದ್ದು, ಪನ್ಯಾನ ನಗು, ಒನಕೆಯ ಪೆಟ್ಟು. ಒನಕೆ ನಿಂತಿತು.

"ಹೇಳು ಮಗಳೇ."

"ದೊಡ್ಡಮ್ಮ..." ಮಡಿಲಲ್ಲಿದ್ದ ಮಗುವನ್ನು ಅವಳು ಇನ್ನಷ್ಟು ಬಿಗಿಯಾಗಿ ಹಿಡಿದಳು. "ತಪ್ಪಾಯ್ತು ದೊಡ್ಡಮ್ಮ. ನನ್ನ ಮಗಳು ಅಲ್ಲಿದ್ದಾಳಾ?"

"ಇದ್ದಾಳೆ. ಈಗಷ್ಟೇ ಉಂಡು ಕೈ ತೊಳ್ಕೊಂಡ್ಳು. ತಡಿ, ಫೋನು ಮೇಜಿನಡಿ ಇಡ್ತೀನಿ. ನೀನೇ ಕರಿ, ನಾನು ಕರೆದ್ರೆ ಬರಲ್ಲ."

ಸಿಮೆಂಟಿನ ನೆಲಕ್ಕೆ ಫೋನು ತಾಗಿದ ಸದ್ದು. ಆಮೇಲೆ, ತುಂಬ ಹತ್ತಿರದಲ್ಲಿ, ಯಾರೋ ಪುಟ್ಟವರ ಉಸಿರು.

"ಪಿಮ್ಮಸೋನ್" ಎಂದಳು ದಾಲಿವನ್. "ಬಾರೇ ಕಂದಾ. ಮನೆಗೆ ಹೋಗೋಣ. ಅಮ್ಮ ಕರೀತಿದ್ದೀನಿ ನೋಡು, ಬಾ."

ಮಣೆ ಮಗುಚಿದ ಸದ್ದು. ಪುಟ್ಟ ಪಾದಗಳು ಪಟಪಟನೆ ಸಿಮೆಂಟಿನ ಮೇಲೆ ಓಡಿ ದೂರವಾದವು.

ಬುವಾಚನ್ ಫೋನು ಎತ್ತಿಕೊಂಡಳು. ಏದುಸಿರು ಬಿಡುತ್ತಿದ್ದಳು, ತಾನೂ ಅಷ್ಟು ದೂರ ಬಾಗಿಲವರೆಗೆ ಓಡಿದವಳಂತೆ.

"ಹೊರಟ್ಲು" ಎಂದಳು. "ಅಗಳಿ ತೆಗೆದಿಡು."

ಮಡಿಲಲ್ಲಿದ್ದ ಮಗು ಆಗಲೇ ಗೋಡೆ ಬಿಟ್ಟು ಬಾಗಿಲ ಕಡೆ ತಿರುಗಿತ್ತು.