ಜವರಯ್ಯ ನಂಬದ ದೋಣಿ

ಜವರಯ್ಯ ಯಾರನ್ನೂ ನಂಬುವುದಿಲ್ಲ. ಸರ್ಕಾರದ ಮಾತು ಬಿಡಿ, ಸೊಸೈಟಿಯ ತಕ್ಕಡಿಯನ್ನೂ ನಂಬುವುದಿಲ್ಲ. ಪ್ಯಾಂಟು ಹಾಕಿಕೊಂಡವರು ಯಾರಾದರೂ ಅಂಗಳಕ್ಕೆ ಬಂದು ನಿಂತರೆ, ಅವರು ಬಾಯಿ ಬಿಡುವ ಮೊದಲೇ "ಯಾರು ಕಳ್ಸಿದ್ದು?" ಎನ್ನುತ್ತಾನೆ. ಲಸಿಕೆ ಹಾಕಲು ಬಂದ ಹುಡುಗಿಗೂ ಅದೇ ಪ್ರಶ್ನೆ, ದನ ಎಣಿಸಲು ಬಂದ ಮೇಷ್ಟ್ರಿಗೂ ಅದೇ ಪ್ರಶ್ನೆ.

ಇದು ಅವನ ಹುಟ್ಟುಗುಣವಲ್ಲ. ಅವನಿನ್ನೂ ಚಡ್ಡಿ ಹಾಕುತ್ತಿದ್ದಾಗ ಸರ್ವೆಯವರು ಬಂದು ಅವನ ಅಪ್ಪನ ಜಗಲಿಯ ಮೇಲೆ ಒಂದು ನಕ್ಷೆ ಹಾಸಿದ್ದರು. ಒಂದರೊಳಗೊಂದು ಬಾಗಿಕೊಂಡ ಗೆರೆಗಳು. ಅದರಲ್ಲೊಂದನ್ನು ನೀಲಿ ಪೆನ್ಸಿಲ್ಲಿನಲ್ಲಿ ತಿದ್ದಿ, "ಹೆದ್ರಬೇಡಿ, ನೀರು ಈ ಗೆರೆ ದಾಟಲ್ಲ" ಎಂದರು. ಅಪ್ಪ ಅವರಿಗೆ ಮಜ್ಜಿಗೆ ಕೊಟ್ಟು ಕಳಿಸಿದ. ನೀರು ಗೆರೆ ದಾಟಲಿಲ್ಲ, ನಿಜ. ಊರು ಇದ್ದದ್ದೇ ಗೆರೆಯ ಒಳಗೆ.

ಊರು ಹೋದ ಮೇಲೆ ಹೇಮಾವತಿ ಹಿನ್ನೀರಿನ ದಂಡೆಯ ಮೇಲೆ ಸಾಲು ಮನೆಗಳ ಕಾಲೊನಿ ಬಂತು. ಪರಿಹಾರಕ್ಕಾಗಿ ಆಲೂರಿನ ತಾಲ್ಲೂಕು ಕಚೇರಿ ಮುಂದೆ ಮಲಗಿ ಮಲಗಿಯೇ ಜವರಯ್ಯನಿಗೆ ಮೀಸೆ ಬಂತು. ಲಾಠಿ ಬಿದ್ದ ಎಡ ಮೊಣಕಾಲು ಈಗಲೂ ಮಳೆಗಾಲದಲ್ಲಿ ಹಿಡಿದುಕೊಳ್ಳುತ್ತದೆ. ಇಷ್ಟಕ್ಕೆಲ್ಲ ಕಾಲೊನಿಗೆ ಉಳಿದದ್ದು ಒಂದೇ. ಬೇಸಿಗೆಯಲ್ಲಿ ನೀರು ಹಿಂದಕ್ಕೆ ಸರಿದಾಗ ಮುಳುಗಿದ್ದ ಗದ್ದೆಬಯಲು ಮೇಲೇಳುತ್ತದೆ. ಆ ಹಸಿ ಮಣ್ಣಿಗೆ ಸೌತೆ, ಅಲಸಂದೆ ಹಾಕುತ್ತಾರೆ. ಮಳೆ ಹಿಡಿಯುವ ಮೊದಲು ಕೊಯ್ದುಕೊಳ್ಳುತ್ತಾರೆ. ಆ ನೆಲಕ್ಕೆ ಪಟ್ಟಾ ಇಲ್ಲ, ಪಹಣಿಯಿಲ್ಲ. ಇಲ್ಲಿಯವರೆಗೆ ಕೇಳಿದವರೂ ಇಲ್ಲ.

ಇಂಥವನ ಮನೆಗೆ ಸೊಸೆಯಾಗಿ ಬಂದವಳು ಗಂಗಾಮಣಿ. ಹಾಸನದಲ್ಲಿ ಡಿಪ್ಲೊಮಾ ಓದಿ, ಕರಾವಳಿಯ ಒಂದು ದೋಣಿ ಕಾರ್ಖಾನೆಯಲ್ಲಿ ನಕ್ಷೆ ಬರೆಯುತ್ತಿದ್ದಳು. ಜವರಯ್ಯನ ಮಗ, ಹಾನುಬಾಳಿನ ಎಸ್ಟೇಟಿನಲ್ಲಿ ಜೀಪು ಓಡಿಸುವ ಕೃಷ್ಣಪ್ಪನನ್ನು ಮದುವೆಯಾದ ಮೇಲೆ ಅದೇ ಕಾರ್ಖಾನೆಯ ಕೆಲಸವನ್ನು ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಮಾಡಿ ಕಳಿಸುತ್ತಾಳೆ. ಸೊಸೆ ಕೋಣೆಯಲ್ಲಿ ಏನು ಮಾಡುತ್ತಾಳೆಂದು ಜವರಯ್ಯ ಕೇಳಿದವನಲ್ಲ. ಅನುಮಾನ ಇದ್ದ ಕಡೆ ಅವನು ಕೇಳುವುದಿಲ್ಲ, ಕಾಯುತ್ತಾನೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ ಅವಳು ನೀರು ತರಲು ಹೋಗಿದ್ದಳು. ಜವರಯ್ಯ ಬಾಗಿಲಲ್ಲಿ ನಿಂತು ಇಣುಕಿದ. ಸ್ಕ್ರೀನಿನ ಮೇಲೆ ಒಂದರೊಳಗೊಂದು ಬಾಗಿಕೊಂಡ ಗೆರೆಗಳು. ನಡುವೆ ಒಂದು ಗೆರೆ ನೀಲಿ.

ಚಪ್ಪಲಿಯನ್ನೂ ಮೆಟ್ಟದೆ ತಿಮ್ಮಯ್ಯನ ಟೀ ಅಂಗಡಿಗೆ ನಡೆದ.

"ಡ್ಯಾಮ್ ಎತ್ತರಿಸ್ತಾವ್ರೆ ಕಣ್ಲಾ ತಿಮ್ಮ. ನಕ್ಷೆ ತಯಾರಾಗ್ತಾ ಐತೆ. ನಮ್ಮನೇಲೇ!"

ತಿಮ್ಮಯ್ಯ ಟೀ ಸೋಸುವುದನ್ನು ನಿಲ್ಲಿಸಿದ. ಮಧ್ಯಾಹ್ನದ ಹೊತ್ತಿಗೆ ಮಾತು ಕಾಲೊನಿಯ ತುದಿ ಮುಟ್ಟಿತ್ತು. ಸಂಜೆ ಗಂಗಾಮಣಿ ನಲ್ಲಿಗೆ ಹೋದರೆ ಹೆಂಗಸರು ಬಾಯಿ ಮುಚ್ಚಿಕೊಂಡರು. ಒಬ್ಬಳು ತನ್ನ ಕೊಡ ಅರ್ಧ ತುಂಬಿದ್ದರೂ ಎತ್ತಿಕೊಂಡು ಹೊರಟಳು.

ಗಂಗಾಮಣಿ ಮನೆಗೆ ಬಂದವಳೇ ಕೊಡವನ್ನು ದಡಕ್ಕನೆ ಇಳಿಸಿದಳು.

"ಮಾವ, ನಾನು ಎಲ್ಲಿ ಡ್ಯಾಮ್ ಕಟ್ತಾ ಇದೀನಿ? ಬನ್ನಿ, ತೋರಿಸ್ತೀನಿ."

ಕಂಪ್ಯೂಟರಿನ ಮುಂದೆ ಸ್ಟೂಲ್ ಎಳೆದು ಕೂರಿಸಿದಳು. ಅವೇ ಗೆರೆಗಳು. ಮೌಸ್ ಹಿಡಿದು ಒಂದು ಸಲ ತಿರುಗಿಸಿದಳು. ಚಪ್ಪಟೆಯಾಗಿದ್ದ ಗೆರೆಗಳು ಎದ್ದು ಕೂತವು. ಸುಲಿದ ಎತ್ತಿನ ಪಕ್ಕೆಲುಬಿನ ಹಾಗೆ ಒಂದು ಒಡಲು ಕಂಡಿತು. ಇನ್ನೊಂದು ಗುಂಡಿ ಒತ್ತಿದಾಗ ಎಲುಬಿನ ಮೇಲೆ ಚರ್ಮ ಹರಡಿಕೊಂಡಿತು.

"ದೋಣಿ," ಎಂದಳು. "ಇದರ ಹೊಟ್ಟೆ ತಗ್ಗು ದಿಣ್ಣೆ ಇಲ್ಲದಂಗೆ ಸಾಪಾಗಿ ಮಾಡೋದೇ ನನ್ನ ಕೆಲಸ. ನೀಲಿ ಗೆರೆ ನೀರು ಎಲ್ಲಿವರೆಗೆ ಬರ್ತದೆ ಅನ್ನೋದಕ್ಕೆ. ದೋಣಿ ಮೇಲೆ ಮಾವ, ಊರ ಮೇಲಲ್ಲ."

ಜವರಯ್ಯ ನಾಚಿಕೊಳ್ಳಲಿಲ್ಲ. ಕಣ್ಣು ಕಿರಿದು ಮಾಡಿ ಹತ್ತಿರ ಬಗ್ಗಿದ. "ಆ ಚುಕ್ಕಿಗಳೇನು, ಗೆರೆಯಿಂದ ಆಚೆ ನಿಂತಿರೋವು?"

"ಅವೇ ಗೆರೆನ ಎಳೆಯೋವು. ಗೆರೆನ ನೇರ ಮುಟ್ಟಂಗಿಲ್ಲ. ಹೊರಗಿನ ಚುಕ್ಕಿ ಜಗ್ಗಿದ್ರೆ ಗೆರೆ ಅತ್ಲಾಗೆ ಬಾಗ್ತದೆ. ಚುಕ್ಕಿ ಜಾಸ್ತಿ ಇಟ್ರೆ ಗೆರೆ ಕುಣಿಯೋಕೆ ಶುರುಮಾಡ್ತದೆ. ಆದಷ್ಟು ಕಮ್ಮಿ ಇಡ್ಬೇಕು."

"ಹೊರಗೆ ನಿಂತು ಜಗ್ಗೋರು. ಗೊತ್ತು ಬಿಡು," ಎಂದ ಜವರಯ್ಯ. "ಸಾಪಾಗೈತೆ ಅಂತ ಹೆಂಗೆ ನಂಬ್ತೀಯ?"

"ನಂಬಲ್ಲ." ಗಂಗಾಮಣಿ ಇನ್ನೊಂದು ಗುಂಡಿ ಒತ್ತಿದಳು. ದೋಣಿಯ ಮೈತುಂಬ ಕಪ್ಪು ಬಿಳಿ ಪಟ್ಟೆಗಳು ಬಿದ್ದವು. "ಬರಿಗಣ್ಣಿಗೆ ಚೆನ್ನಾಗೇ ಕಾಣ್ತದೆ. ಮೈಮೇಲೆ ಹಿಂಗೆ ಪಟ್ಟೆ ಬಿಟ್ರೆ ಹುಳುಕು ಸಿಕ್ಕಾಕ್ಕೊಳ್ತದೆ. ಇಲ್ನೋಡಿ, ಮೂಗಿನ ಹತ್ರ ಪಟ್ಟೆ ಸೊಟ್ಟಗೆ ಮುರಿದೈತೆ. ಅಲ್ಲಿ ಕಾಣದ ತಗ್ಗು ಐತೆ ಅಂತ."

ಜವರಯ್ಯನಿಗೆ ಸೊಸೆಯ ಮೇಲೆ ಮೊದಲ ಸಲ ಗೌರವ ಬಂದದ್ದು ಆಗ. ಇವಳೂ ಅನುಮಾನದ ಕಸುಬಿನವಳೇ. ಗೌರವ ಬಂದಿತೆಂದು ಅವನ ಅನುಮಾನವೇನೂ ಕಮ್ಮಿಯಾಗಲಿಲ್ಲ.

"ಯಾರು ಕಳ್ಸಿದ್ದು ಈ ದೋಣಿ ಕೆಲ್ಸ? ಯಾವ ನೀರಿಗೆ ಬಿಡ್ತಾರೆ?"

"ಅದನ್ನ ಅವ್ರು ಹೇಳಲ್ಲ ಮಾವ. ನಾನೂ ಕೇಳಲ್ಲ."

"ಯಾಕೆ ಕೇಳಲ್ಲ? ದೋಣಿಗೆ ಪಟ್ಟೆ ಬಿಡ್ತೀಯ, ಕೆಲ್ಸ ಕೊಟ್ಟೋನಿಗೆ ಬಿಡಲ್ವ?"

ಗಂಗಾಮಣಿ ನಗಲು ಹೋದವಳು ನಿಲ್ಲಿಸಿದಳು. ಈ ದೋಣಿ ಮೊದಲು ಹೀಗಿರಲಿಲ್ಲ. ಅಡಿ ಚೂಪಾಗಿತ್ತು, ಆಳದ ನೀರಿಗೆ ತಕ್ಕಂತೆ. ಹೋದ ವಾರ ಕಾರ್ಖಾನೆಯ ಅಭಿಲಾಷ್ ಫೋನ್ ಮಾಡಿ ಹೊಟ್ಟೆ ಅಗಲಿಸಿ ತಳ ಚಪ್ಪಟೆ ಮಾಡಲು ಹೇಳಿದ್ದ. ಅದಕ್ಕೂ ಮೊದಲು ಒಂದು ದಿನ, ಸುಮ್ಮನೆ ಮಾತಿಗೆಂಬಂತೆ, ನಿಮ್ಮ ಕಡೆ ಬೇಸಿಗೆಯಲ್ಲಿ ನೀರು ಎಷ್ಟಿರುತ್ತದೆ ಎಂದು ಕೇಳಿದ್ದ. ದಂಡೆಯಲ್ಲಿ ಮೊಣಕಾಲುದ್ದ, ಅದರೀಚೆ ಸೌತೆಕಾಯಿ ಬೆಳೀತೀವಿ ಎಂದು ಇವಳು ನಗುತ್ತಾ ಹೇಳಿದ್ದಳು.

ಮಾವನ ಎದುರೇ ಫೋನಿನ ಸ್ಪೀಕರ್ ಹಾಕಿದಳು.

"ಸರ್, ಈ ದೋಣಿ ನಮ್ಮ ಹಿನ್ನೀರಿಗಾ?"

"ಅಯ್ಯೋ, ನಿಮ್ಗೆ ಗೊತ್ತಿಲ್ವಾ ಮೇಡಂ?" ಅಭಿಲಾಷನ ದನಿ ಹಬ್ಬದ ಹಾಗಿತ್ತು. "ರೆಸಾರ್ಟಿನವ್ರದ್ದು. ಇಂಥವು ಆರು ಬರ್ತವೆ. ಜೋಡಿ ಅತ್ತಿಮರ ಇದೆಯಂತಲ್ಲ, ಅಲ್ಲಿ ದೋಣಿ ಕಟ್ಟೋ ಜೆಟ್ಟಿ, ಸುತ್ತ ಬೇಲಿ. ಜಾಗ ಖಾಲಿ ಬಿದ್ದಿದೆಯಂತೆ. ನಿಮ್ಮೂರಿಗೇ ಒಳ್ಳೇದು ಬಿಡಿ!"

ಜೋಡಿ ಅತ್ತಿಮರದ ಕೆಳಗಿನ ಬಯಲಿನಲ್ಲೇ ಇಡೀ ಕಾಲೊನಿ ಸೌತೆ ಹಾಕುವುದು. ಗಂಗಾಮಣಿ ಫೋನ್ ಇಟ್ಟು ಮಾವನ ಮುಖ ನೋಡಲಿಲ್ಲ.

"ನಾನೇ ಹೇಳಿದ್ದು ಮಾವ, ಮೊಣಕಾಲುದ್ದ ಅಂತ."

"ಕೇಳಿದ್ರು, ಹೇಳ್ದೆ. ನಮ್ಮಪ್ಪ ಮಜ್ಜಿಗೇನೂ ಕೊಟ್ಟಿದ್ದ," ಎಂದು ಜವರಯ್ಯ ಎದ್ದ.

ಟೀ ಅಂಗಡಿಯಲ್ಲಿ ಅಷ್ಟು ಹೊತ್ತಿಗೆ ಜನ ಸೇರಿ ಡ್ಯಾಮಿನ ವಿರುದ್ಧ ಯಾರ ಹತ್ತಿರ ಹೋಗುವುದೆಂದು ಕೂಗಾಡುತ್ತಿದ್ದರು. ಡ್ಯಾಮ್ ಅಲ್ಲ, ದೋಣಿ ಎಂದು ಜವರಯ್ಯ ಹೇಳಿದೊಡನೆ ನಗು ಎದ್ದಿತು.

"ಬೆಳಗ್ಗೆ ಡ್ಯಾಮು, ಸಂಜೆ ದೋಣಿ," ಎಂದ ತಿಮ್ಮಯ್ಯ. "ನಾಳಿಕೆ ಏನ್ ಜವರಣ್ಣ, ವಿಮಾನಾನ? ಯಾರು ಹೇಳಿದ್ರು ನಿಂಗೆ?"

ಜವರಯ್ಯ ಲೆಕ್ಕ ಹಾಕಿದ. ಸೊಸೆಯ ಹೆಸರು ಹೇಳಿದರೆ ಅವಳ ಕೆಲಸ ಹೋಗುತ್ತದೆ. ಹೇಳದಿದ್ದರೆ ಇವರಾರೂ ನಂಬುವುದಿಲ್ಲ, ಬಯಲು ಹೋಗುತ್ತದೆ. ನಲವತ್ತು ವರ್ಷ ಎಲ್ಲರ ಮೇಲೂ ಅನುಮಾನಪಟ್ಟವನ ಮೇಲೆ ಈಗ ಎಲ್ಲರಿಗೂ ಅನುಮಾನ.

"ನಾನು ಹೇಳಿದ್ದು." ಗಂಗಾಮಣಿ ಹಿಂದೆಯೇ ಬಂದಿದ್ದಳು, ಲ್ಯಾಪ್‌ಟಾಪ್ ಎದೆಗವಚಿಕೊಂಡು. "ನಲ್ಲಿ ಹತ್ರ ನನ್ನ ಮುಖ ನೋಡದೆ ಹೋದ್ರಲ್ಲ, ಈಗ ಇದನ್ನ ನೋಡಿ."

ಬಿಸ್ಕತ್ತಿನ ಡಬ್ಬಿ ಸರಿಸಿ ಬೆಂಚಿನ ಮೇಲಿಟ್ಟಳು. ದೋಣಿ ತಿರುಗಿತು. ಅದರ ಚಪ್ಪಟೆ ತಳ, ಮೊಣಕಾಲುದ್ದಕ್ಕೆ ನಿಂತ ನೀಲಿ ಗೆರೆ, ಅಷ್ಟು ನೀರು ಬೇಸಿಗೆಯಲ್ಲಿ ಯಾವ ಜಾಗದಲ್ಲಿ ನಿಲ್ಲುತ್ತದೆ, ಅಲ್ಲಿಗೆ ಬರುವ ದಾರಿಗೆ ಬೇಲಿ ಎಲ್ಲಿ ಬೀಳುತ್ತದೆ, ಎಲ್ಲವನ್ನೂ ಹೇಳಿದಳು. ಯಾರೂ ನಗಲಿಲ್ಲ.

"ಖಾಲಿ ಜಾಗ ಅಂದ್ನಾ?" ತಿಮ್ಮಯ್ಯ ಕೇಳಿದ.

"ಅಂದ."

"ಹಂಗಾರೆ ಖಾಲಿ ಇರಬಾರ್ದು," ಎಂದ ಜವರಯ್ಯ. "ಈ ಸಲ ನೀರು ಪೂರ್ತಿ ಇಳಿಯೋತನಕ ಕಾಯದು ಬ್ಯಾಡ. ಇಳಿದಷ್ಟಕ್ಕೇ ಬೀಜ ಹಾಕನ, ಮುಂದಕ್ಕೆ ಹೋಗ್ತಾ ಹೋಗನ."

ಮನೆಗೆ ವಾಪಸು ಬರುವಾಗ ಗಂಗಾಮಣಿ, "ದೋಣಿ ಕಳಿಸ್ಲಾ ಬ್ಯಾಡ್ವಾ?" ಎಂದಳು.

"ನೀನು ಬಿಟ್ರೆ ಇನ್ನೊಬ್ಬ ಮಾಡ್ತಾನೆ. ಆ ಮೂಗಿನ ತಗ್ಗು ತೆಗೆದು ಕಳ್ಸು. ಕೆಲ್ಸ ಕೆಡಿಸಿದ್ರು ಅನ್ನೋ ಮಾತು ನಮಗ್ಯಾಕೆ?"

ಅವಳು ಮೂಗು ಸರಿಮಾಡಿ ಕಳಿಸಿದಳು. ಟೀ ಅಂಗಡಿಯ ಸುದ್ದಿ ಅಭಿಲಾಷನಿಗೆ ಹೇಗೆ ಮುಟ್ಟಿತೋ, ಆಮೇಲೆ ಅವನ ಫೋನೂ ಬರಲಿಲ್ಲ, ಕೆಲಸವೂ ಬರಲಿಲ್ಲ.

ನೀರು ಇಳಿಯತೊಡಗಿದಂತೆ ಕಾಲೊನಿ ಬಯಲಿಗೆ ಇಳಿಯಿತು. ಅತ್ತಿಮರದ ಕೆಳಗೆ ಸೌತೆ ಎರಡೆಲೆ ಬಿಟ್ಟಿದ್ದಾಗ ಒಂದು ಬಿಳಿ ಜೀಪು ಬಂದು ನಿಂತಿತು. ಪ್ಯಾಂಟು ಮಡಚಿಕೊಂಡು ಇಬ್ಬರು ಅಳತೆ ಟೇಪು ಬಿಚ್ಚುತ್ತಾ ಕೆಸರಿಗಿಳಿದರು. ಜವರಯ್ಯ ಗುದ್ದಲಿ ಊರಿ ಗಂಟಲು ಸರಿಮಾಡಿಕೊಂಡ.

ಅವನಿಗಿಂತ ಮೊದಲೇ ಸಾಲಿನ ಆ ತುದಿಯಿಂದ ಗಂಗಾಮಣಿಯ ದನಿ ಎದ್ದಿತು.

"ಅಲ್ಲೇ ನಿಂತ್ಕಳ್ರಿ. ಯಾರು ಕಳ್ಸಿದ್ದು?"