ವರ್ನಾಳ ತೂಕದ ಕೋಣೆ

ಸ್ಟಂಪ್ ಲೇಕಿನ ಗಂಡಸರಿಗೆ ಮೂವತ್ತು ವರ್ಷದ ಹಿಂದೆ ಹೊಡೆದ ಜಿಂಕೆ ಎಷ್ಟು ಪೌಂಡು ತೂಗಿತ್ತು ಎಂಬುದು ಇವತ್ತಿಗೂ ಬಾಯಿಪಾಠ. ಅವರವರ ತೂಕ ಕೇಳಿ ನೋಡಿ, ಮದುವೆಯ ದಿನ ಎಷ್ಟಿತ್ತೋ ಅದನ್ನೇ ಹೇಳುತ್ತಾರೆ. ವಿಸ್ಕಾನ್ಸಿನ್ನಿನ ಈ ಉತ್ತರದ ಮೂಲೆಯಲ್ಲಿ ಚಳಿ ಆರು ತಿಂಗಳಾದರೆ ಬೆಣ್ಣೆ, ಆಲೂಗಡ್ಡೆ, ಬಿಯರು ಹನ್ನೆರಡು ತಿಂಗಳು. ಮೈ ಬರದೆ ಇನ್ನೇನು ಬಂದೀತು? ಉಳಿದ ದಿನಗಳಲ್ಲಿ ಈ ಸುಳ್ಳಿನಿಂದ ಯಾರಿಗೂ ನಷ್ಟವಿಲ್ಲ. ನವೆಂಬರಿನಲ್ಲಿ ಇದೆ. ಆಗ ಊರಿಗೆ ಊರೇ ಕೋವಿ ಹೆಗಲಿಗೇರಿಸಿ, ಕತ್ತಲಲ್ಲೇ ಎದ್ದು, ಹದಿನೆಂಟು ಅಡಿ ಮೇಲೆ ಮರಕ್ಕೆ ಕಟ್ಟಿದ ಅಟ್ಟಣೆ ಏರಿ ಕೂರುತ್ತದೆ. ಅಟ್ಟಣೆಗೊಂದು ಪುಟ್ಟ ಚೀಟಿ ಅಂಟಿಸಿರುತ್ತಾರೆ, ಮುನ್ನೂರು ಪೌಂಡಿನವರೆಗೆ, ಅಂದರೆ ಸುಮಾರು ನೂರ ಮೂವತ್ತಾರು ಕಿಲೋವರೆಗೆ, ಎಂದು. ಅದನ್ನು ಓದುವವರು ಸಣ್ಣಗಿರುವವರು ಮಾತ್ರ.

ವರ್ನಾ ಓಡೆಗಾರ್ಡ್ ಸಣ್ಣಗಿದ್ದಳು. ಅರವತ್ತಮೂರು ವಯಸ್ಸು, ಬೇಲಿಯ ಗೂಟದಂಥ ಮೈಕಟ್ಟು, ಮದುವೆಯಿಲ್ಲ. ಅಪ್ಪ ಬಿಟ್ಟುಹೋದ ಹಿಂಡಿ, ಬೂಸಾ, ಬಿತ್ತನೆ ಬೀಜದ ಅಂಗಡಿಯಲ್ಲಿ ಬೇಟೆಯ ಸಾಮಾನನ್ನೂ ಇಟ್ಟು ನಲವತ್ತು ವರ್ಷದಿಂದ ನಡೆಸುತ್ತಿದ್ದಳು. ಅಂಗಡಿಯ ಮುಂದೆ ಜಿಂಕೆ ತೂಗುವ ದೊಡ್ಡ ಕೊಕ್ಕೆ ನೇತಾಡುತ್ತಿತ್ತು. ಹಿಂದಿನ ಕೋಣೆಯಲ್ಲಿ ಮೂಟೆ ತೂಗುವ ಕಬ್ಬಿಣದ ಮಣೆಯಿತ್ತು. ಮುಂದಿನದು ಊರಿನ ಹೆಮ್ಮೆ. ಹಿಂದಿನದರ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ.

ದೊಡ್ಡ ಮೈಯವನು ಯಾರೇ ಅಟ್ಟಣೆ ಕೇಳಿಕೊಂಡು ಬರಲಿ, ವರ್ನಾ ಕೌಂಟರಿನಲ್ಲಿ ತೂಕದ ಮಾತೇ ಎತ್ತುತ್ತಿರಲಿಲ್ಲ. "ಹಿಂದಕ್ಕೆ ಬಾ" ಎನ್ನುವಳು. ಬಾಗಿಲು ಹಾಕುವಳು. ಹಾಲಿನ ಟ್ಯಾಂಕರ್ ಓಡಿಸುವ ಆರ್ಲೋ ಬಂದಾಗಲೂ ಹಾಗೇ ಆಯಿತು.

"ಇನ್ನೂರ ಎಂಬತ್ತು ಅಂತ ಬರ್ಕೋ, ಸಾಕು" ಎಂದ ಆರ್ಲೋ.

"ನಿನ್ನ ಬಾಯಿ ತೂಕ ಯಾರಿಗೆ ಬೇಕು? ಬೂಟು ಹಾಕ್ಕೊ. ದಪ್ಪ ಕೋಟು ಹಾಕ್ಕೊ. ಕೋವಿ, ತೋಟಾ, ಕಾಫಿ ಫ್ಲಾಸ್ಕು, ತಿನ್ನೋ ಸಾಸೇಜು, ಎಲ್ಲಾ ಹೊತ್ಕೊಂಡು ನಿಂತ್ಕೊ. ಮರ ಹತ್ತೋವಾಗ ಅದನ್ನೆಲ್ಲ ನಿನ್ನ ಹೆಂಡ್ತಿ ಹೊರ್ತಾಳಾ?"

ಆರ್ಲೋ ನಿಂತ. ಮುಳ್ಳು ಎಲ್ಲಿಗೆ ಹೋಯಿತೆಂದು ವರ್ನಾ ನೋಡಿದಳು. ಹೇಳಲಿಲ್ಲ, ಬರೆದಿಡಲಿಲ್ಲ, ಹುಬ್ಬು ಸಹ ಎತ್ತಲಿಲ್ಲ. ಏಣಿಯ ಜೊತೆಗೇ ಬರುವ, ಐನೂರು ಪೌಂಡು ತಡೆಯುವ ಅಗಲ ಅಟ್ಟಣೆಯನ್ನು ತೋರಿಸಿದಳು. ಆಮೇಲೆ ಮೈಗೆ ಬಿಗಿಯುವ ಪಟ್ಟಿ ತಂದಳು. ಮರಕ್ಕೆ ಕಟ್ಟಿದ ಹಗ್ಗಕ್ಕೆ ಅದನ್ನು ಸಿಕ್ಕಿಸಿಕೊಂಡರೆ ಕಾಲು ಜಾರಿದವನು ನೆಲಕ್ಕೆ ಬೀಳದೆ ಅಲ್ಲೇ ನೇತಾಡುತ್ತಾನೆ.

"ಅಟ್ಟಣೆಗೊಂದು ಲೆಕ್ಕ, ಪಟ್ಟಿಗೊಂದು ಲೆಕ್ಕ, ಹಗ್ಗಕ್ಕೊಂದು ಲೆಕ್ಕ ಇರತ್ತೆ. ಮೂರರಲ್ಲಿ ಯಾವುದು ಕಮ್ಮಿನೋ ಅದೇ ನಿನ್ನ ಲೆಕ್ಕ ಅಂತ ತಿಳ್ಕೊ. ಹೊಟ್ಟೆ ಒಳಗೆ ಎಳ್ಕೊಂಡು ಬಕಲ್ ಹಾಕ್ಬೇಡ. ಉಸಿರು ಬಿಡು. ಪೂರ್ತಿ ಬಿಡು. ಈಗ ಹಾಕು. ಆಗಲ್ವಾ? ಹಾಗಾದ್ರೆ ಇದು ನಿನ್ನದಲ್ಲ, ಇನ್ನೊಂದು ತರ್ತೀನಿ."

ಊರಿನವರು ಆ ಕೋಣೆಗೆ 'ಪಾಪ ಒಪ್ಪಿಕೊಳ್ಳೋ ಕೋಣೆ' ಎಂದು ಹೆಸರಿಟ್ಟಿದ್ದರು. ಒಳಗೆ ಹೋಗಿ ಬಂದವನನ್ನು ನೋಡಿ ಯಾರೂ ನಗುತ್ತಿರಲಿಲ್ಲ, ಕಾರಣ ಮುಂದಿನ ವರ್ಷ ನಗುವವನದೇ ಸರದಿ. ತನ್ನ ತಮ್ಮ ಡೆಲ್ಮರ್ ಮರದಿಂದ ಬಿದ್ದು ಸತ್ತ ಮೇಲೆ ವರ್ನಾ ಹೀಗಾಗಿದ್ದಾಳೆ ಎಂದು ಎಲ್ಲರಿಗೂ ಗೊತ್ತಿತ್ತು. ಪೂರ್ತಿ ಗೊತ್ತಿದ್ದದ್ದು ವರ್ನಾಳೊಬ್ಬಳಿಗೆ.

ಡೆಲ್ಮರ್ ಅವಳಿಗಿಂತ ಒಂಬತ್ತು ವರ್ಷ ಚಿಕ್ಕವನು. ಅಮ್ಮ ಬೇಗ ತೀರಿಕೊಂಡಿದ್ದರಿಂದ ಅವನಿಗೆ ಬೂಟಿನ ದಾರ ಕಟ್ಟುವುದರಿಂದ ಹಿಡಿದು ಗುರಿ ಇಡುವವರೆಗೆ ಎಲ್ಲ ಕಲಿಸಿದವಳು ಇವಳೇ. ಬೆಣ್ಣೆಮುದ್ದೆ ಎಂದು ಹೆಸರಿಟ್ಟವಳೂ ಇವಳೇ. ಈ ಊರಿನಲ್ಲಿ ಪ್ರೀತಿಯನ್ನು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ, ಗೇಲಿ ಮಾಡುವ ಪದ್ಧತಿ ಇದೆ. ಯಾರೂ ಗೇಲಿ ಮಾಡುತ್ತಿಲ್ಲ ಎಂದರೆ ನೀನು ಯಾರಿಗೂ ಬೇಡವಾಗಿದ್ದೀ ಎಂದರ್ಥ. ಆ ಲೆಕ್ಕದಲ್ಲಿ ಡೆಲ್ಮರನಷ್ಟು ಬೇಕಾದವನು ಸ್ಟಂಪ್ ಲೇಕಿನಲ್ಲಿ ಇನ್ನೊಬ್ಬನಿರಲಿಲ್ಲ. ಸಾಕಿದ್ದ ಹಾಲಿನ ಹಸುಗಳನ್ನು ಮಾರಿದ ಮೇಲೆ ಅವನಿಗೆ ಕೆಲಸ ನಿಂತಿತು, ಊಟ ನಿಲ್ಲಲಿಲ್ಲ. ಎರಡು ವರ್ಷದಲ್ಲಿ ಮುನ್ನೂರ ನಲವತ್ತಕ್ಕೆ ಹೋದ.

ಆರು ವರ್ಷದ ಹಿಂದೆ, ಬೇಟೆ ಶುರುವಾಗಲು ಹತ್ತು ದಿನವಿದ್ದಾಗ, ಅವನು ಅಂಗಡಿಗೆ ಬಂದ. ಒಲೆಯ ಸುತ್ತ ಏಳೆಂಟು ಜನ ಕಾಫಿ ಕುಡಿಯುತ್ತಾ ಕೂತಿದ್ದರು. ಡೆಲ್ಮರ್ ಕೌಂಟರಿನ ಮೇಲೆ ಬಗ್ಗಿ, ಅವಳಿಗೆ ಮಾತ್ರ ಕೇಳುವ ಹಾಗೆ ಅಂದ, "ವರ್ನಾ, ಮುನ್ನೂರಕ್ಕಿಂತ ಜಾಸ್ತಿ ತಡೆಯೋ ಅಟ್ಟಣೆ ಇದ್ಯಾ? ಹಳೇ ಪಟ್ಟಿನೂ ನನಗೆ ಸುತ್ತು ಬರ್ತಿಲ್ಲ."

ಅವನ ದನಿ ಸಣ್ಣದಿತ್ತು. ಅದನ್ನು ಅವಳು ಕೇಳಿಸಿಕೊಂಡಿದ್ದಳು. ಆದರೆ ಒಲೆಯ ಪಕ್ಕದಲ್ಲಿ ಜನವಿತ್ತು, ಎಲುಬಿಲ್ಲದ ನಾಲಿಗೆ ಬಾಯಲ್ಲಿತ್ತು.

"ಮುಂದೆ ಕೊಕ್ಕೆ ಇದೆ, ಜಿಂಕೆ ತೂಗೋ ಥರಾನೇ ನಿನ್ನನ್ನೂ ತೂಗಿಬಿಡೋಣ ಕಣೋ" ಎಂದಳು, ಅಂಗಡಿಗೆಲ್ಲ ಕೇಳುವ ಹಾಗೆ. "ಕರುಳು ತೆಗೆದ ಮೇಲೆ ನೇತು ಹಾಕಿದ್ರೆ ನೀನೂ ಮುನ್ನೂರರ ಒಳಗೇ ಬರ್ತೀಯ!"

ಅಂಗಡಿ ಬಿದ್ದು ಬಿದ್ದು ನಕ್ಕಿತು. ಒಬ್ಬನಿಗಂತೂ ಕಾಫಿ ಮೂಗಿಗೇರಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಡೆಲ್ಮರ್. ಕೈ ಬೆಚ್ಚಗಿಡುವ ಪೊಟ್ಟಣ ಎರಡು ತೆಗೆದುಕೊಂಡು, ಟೋಪಿ ಎಳೆದುಕೊಂಡು, ಹೊರಟುಹೋದ. ಮತ್ತೆ ಅಂಗಡಿಗೆ ಬರಲಿಲ್ಲ. ಆ ವಾರ ಯಾರದೋ ಮನೆಯಂಗಳದಲ್ಲಿ ಹಳೆ ಸಾಮಾನು ಮಾರುತ್ತಿದ್ದಾಗ ಅವನ ಹೆಂಡತಿ ಆರ್ಡಿಸ್ ಒಂದು ಅಟ್ಟಣೆ ನೋಡಿ, ಇದು ನಿನ್ನನ್ನ ತಡೆಯತ್ತಾ ಎಂದು ಫೋನಿನಲ್ಲಿ ಕೇಳಿದಳಂತೆ. ತಡೆಯತ್ತೆ ತಗೋ, ನಾನೀಗ ಇನ್ನೂರ ಎಪ್ಪತ್ತು ಎಂದನಂತೆ. ಅಟ್ಟಣೆಯ ಚೀಟಿ ಮಳೆಗೆ ಅಳಿಸಿಹೋಗಿತ್ತು. ಬೇಟೆಯ ಮೊದಲ ಶನಿವಾರವೇ ಅದನ್ನು ಮರಕ್ಕೆ ಬಿಗಿದಿದ್ದ ತಂತಿ ಹರಿಯಿತು. ಸುತ್ತು ಬಾರದ ಪಟ್ಟಿ ಮನೆಯ ಗೂಟದಲ್ಲಿ ನೇತಾಡುತ್ತಿತ್ತು. ಸಂಜೆ ಓಕ್ ಮರದ ಕೆಳಗೆ ಅವನನ್ನು ಕಂಡವಳು ಆರ್ಡಿಸ್.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದನ್ನಾದರೂ ವರ್ನಾ ಹೇಗೋ ಸಹಿಸಿಕೊಳ್ಳುತ್ತಿದ್ದಳೇನೋ. ಆದರೆ ಪ್ರತಿ ಭಾನುವಾರ ಚರ್ಚು ಮುಗಿಸಿ ನಾದಿನಿ ಅತ್ತಿಗೆಯರಿಬ್ಬರೂ ವರ್ನಾಳ ಮನೆಯಲ್ಲಿ ಊಟಕ್ಕೆ ಕೂರುತ್ತಿದ್ದರು. ತಿಂಗಳಿಗೊಮ್ಮೆಯಾದರೂ ಆರ್ಡಿಸ್ ಚಮಚ ಕೆಳಗಿಟ್ಟು "ನಾನೇ ತಂದುಕೊಟ್ಟೆ ವರ್ನಾ, ನನ್ನ ಕೈಯಾರೆ ತಂದುಕೊಟ್ಟೆ" ಎಂದು ಅಳುತ್ತಿದ್ದಳು. ವರ್ನಾ ಅವಳ ಕೈ ಸವರಿ, "ಹಾಗನ್ಬೇಡ" ಎನ್ನುತ್ತಿದ್ದಳು. ಬಾಯಲ್ಲಿ ಬಿಸಿತುಪ್ಪ. ಉಗುಳಿದರೆ ಇರುವ ಒಬ್ಬಳೂ ಹೋಗುತ್ತಾಳೆ. ಇನ್ನೊಂದು ಭಾನುವಾರ ಹೇಳಿದರಾಯಿತು ಎಂದುಕೊಂಡೇ ಆರು ವರ್ಷ ಕಳೆದವು. ಒಲೆಯ ಪಕ್ಕ ಅವತ್ತು ನಕ್ಕವರೂ ಬಾಯಿಬಿಟ್ಟಿರಲಿಲ್ಲ. ತಮ್ಮ ನಗುವಿಗೆ ತಾವೇ ಹೆದರಿದ್ದರು.

ಈ ವರ್ಷ ನವೆಂಬರಿನ ಮೊದಲ ವಾರ ಆರ್ಡಿಸ್ ಅಂಗಡಿಗೆ ಬಂದಳು. ಅವಳೂ ದೊಡ್ಡ ಮೈಯವಳೇ. ಕೌಂಟರಿನ ಹತ್ತಿರ ನಿಲ್ಲದೆ ನೇರ ಹಿಂದಿನ ಕೋಣೆಗೆ ನಡೆದು, ಮಣೆಯ ಪಕ್ಕ ನಿಂತಳು. ಮೈಮೇಲೆ ಡೆಲ್ಮರನ ಕಿತ್ತಳೆ ಬಣ್ಣದ ಕೋಟು, ಹೆಗಲಲ್ಲಿ ಅವನದೇ ಕೋವಿ ಇತ್ತು.

"ಬಾಗಿಲು ಹಾಕು" ಎಂದಳು. "ಬೇಟೆಯ ಮೊದಲ ಶನಿವಾರ ಆ ಓಕ್ ಮರ ಹತ್ತಬೇಕು ಅಂತಿದ್ದೀನಿ."

"ಹುಚ್ಚು ಹಿಡೀತಾ ನಿನಗೆ? ನೆಲದ ಮೇಲೆ ಡೇರೆ ಹಾಕ್ಕೊಂಡು ಕೂತ್ಕೊ. ಜಿಂಕೆ ಅಲ್ಲಿಗೂ ಬರ್ತವೆ."

"ಜಿಂಕೆ ಯಾರಿಗೆ ಬೇಕು? ಅವನು ಕೊನೇಗೆ ಅಲ್ಲಿಂದ ಏನೇನು ನೋಡ್ದ ಅಂತ ನಾನೂ ಒಂದು ಸಲ ನೋಡ್ಬೇಕು. ಆರು ವರ್ಷದಿಂದ ಮರದ ಬುಡಾನೇ ನೋಡ್ತಿದ್ದೀನಿ. ನೀನು ಕೊಡದಿದ್ರೆ ಬೇರೆ ಕಡೆ ತಗೋತೀನಿ."

ಬೇರೆ ಕಡೆ ಎಂಬ ಮಾತು ಕೇಳಿದ್ದೇ ವರ್ನಾ ಬಾಗಿಲು ಹಾಕಿದಳು. ಆರ್ಡಿಸ್ ಕೋವಿ ಸಮೇತ ಮಣೆ ಹತ್ತಿದಳು. ಮುಳ್ಳು ನಿಂತಿತು. ವರ್ನಾ ಅತಿ ದೊಡ್ಡ ಅಳತೆಯ ಪಟ್ಟಿ ತಂದು ಹೆಗಲಿಗೆ ಹಾಕಿ, ಎದೆಯ ಬಕಲ್ ಬಿಗಿದು, ತೊಡೆಯ ಪಟ್ಟಿ ಸರಿಪಡಿಸಲು ಮಂಡಿಯೂರಿ ಕೂತಳು. ತೊಡೆಗೂ ಪಟ್ಟಿಗೂ ನಡುವೆ ಚಪ್ಪಟೆ ಅಂಗೈ ಹೋಗುವಷ್ಟು ಮಾತ್ರ ಜಾಗ ಬಿಡಬೇಕು. ನೇತಾಡಬೇಕಾಗಿ ಬಂದರೆ ಕಾಲೂರಿ ನಿಲ್ಲಲು ಒಂದು ಕುಣಿಕೆಯನ್ನೂ ಸಿಕ್ಕಿಸಿದಳು, ಇಲ್ಲದಿದ್ದರೆ ಪಟ್ಟಿಯೇ ತೊಡೆಯಲ್ಲಿ ರಕ್ತ ನಿಲ್ಲಿಸಿ ಕೊಲ್ಲುತ್ತದೆ.

ಮೇಲಿನಿಂದ ಆರ್ಡಿಸಳ ದನಿ ಬಂತು. "ಎಷ್ಟು ಚೆನ್ನಾಗಿ ನೋಡಿ ಕೊಡ್ತೀಯ ವರ್ನಾ. ಅವನು ಒಂದ್ಸಲ, ಒಂದೇ ಒಂದ್ಸಲ ನಿನ್ನ ಹತ್ರ ಬಂದು ಕೇಳಿದ್ದಿದ್ರೆ ಇವತ್ತು ಇರ್ತಿದ್ದ. ನಾನೇ ಅವಸರ ಮಾಡಿ ಆ ದರಿದ್ರ ಸಾಮಾನು ತಂದೆ."

ವರ್ನಾಳ ಕೈ ಬಕಲಿನ ಮೇಲೆ ನಿಂತಿತು. ಈಗಲೂ ಸುಮ್ಮನಿರಬಹುದಿತ್ತು. ಹಾಗನ್ಬೇಡ ಎಂದರೆ ಮುಗಿಯುತ್ತಿತ್ತು, ಭಾನುವಾರ ಊಟವೂ ಇರುತ್ತಿತ್ತು. ಆದರೆ ಈ ಹೆಂಗಸು ಆ ಭಾರವನ್ನೂ ಹೊತ್ತುಕೊಂಡು ಹದಿನೆಂಟು ಅಡಿ ಹತ್ತುತ್ತಾಳಲ್ಲ ಎಂದು ಅವಳ ಎದೆ ಒಡೆಯಿತು.

"ಬಂದಿದ್ದ" ಎಂದಳು, ತಲೆ ಎತ್ತದೆ.

"ಯಾರು?"

"ಡೆಲ್. ನೀನು ಅದನ್ನ ತರೋದಕ್ಕೆ ಮೊದಲೇ ಬಂದಿದ್ದ. ದೊಡ್ಡದು ಇದ್ಯಾ ಅಂತ ಮೆಲ್ಲಗೆ ಕೇಳ್ದ. ಇತ್ತು, ಆರ್ಡಿಸ್. ಮಹಡಿ ಮೇಲೆ ಎರಡು ಇಟ್ಟಿದ್ದೆ. ನಾನು ಎಲ್ಲರ ಮುಂದೆ ಅವನನ್ನ ನಗೆಪಾಟಲು ಮಾಡ್ದೆ." ಆಮೇಲೆ ಅವತ್ತು ಆಡಿದ ಮಾತನ್ನು, ಕೊಕ್ಕೆ ಕರುಳು ಯಾವುದನ್ನೂ ಬಿಡದೆ, ಇದ್ದದ್ದು ಇದ್ದ ಹಾಗೇ ಹೇಳಿದಳು. ಹೇಳುವಾಗ ಅವಳ ಬಾಯಿಗೇ ಅದು ಕಹಿಯಾಯಿತು.

ಮಣೆಯ ಮುಳ್ಳು ಸಣ್ಣಗೆ ಅಲುಗುತ್ತಿತ್ತು. ಆರ್ಡಿಸ್ ಅಳುತ್ತಿದ್ದಾಳೆ ಎಂದುಕೊಂಡು ವರ್ನಾ ಮೇಲೆ ನೋಡಿದಳು. ಅಳುತ್ತಿರಲಿಲ್ಲ.

"ಗೇಲಿ ಮಾಡಿದ್ದು ಬಿಡು" ಎಂದಳು ಆರ್ಡಿಸ್. "ನಾನೇನು ಕಮ್ಮಿನಾ? ಅವನ ಪ್ಯಾಂಟನ್ನ ಡೇರೆ ಡೇರೆ ಅಂತ ಆಡ್ಕೊಂಡೇ ಒಣಗಿ ಹಾಕ್ತಿದ್ದೆ. ಆದ್ರೆ ವರ್ನಾ, ಆರು ವರ್ಷ! ಭಾನುವಾರ ಭಾನುವಾರ ನಿನ್ನ ಎದುರಿಗೆ ಕೂತು ನಾನೇ ಕೊಂದೆ, ನಾನೇ ಕೊಂದೆ ಅಂತ ಅತ್ತಿದ್ದೀನಿ. ನೀನು ಆಲೂಗಡ್ಡೆ ಬಡಿಸ್ತಿದ್ದೆ."

"ನೀನೂ ಹೋಗಿಬಿಡ್ತೀಯ ಅಂತ ಹೆದರಿಕೆ ಆಯ್ತು ಕಣೇ."

"ಅದಕ್ಕೆ ನನ್ನನ್ನೇ ಕೊಲೆಗಾತಿ ಮಾಡಿ ಹತ್ರ ಇಟ್ಕೊಂಡ್ಯಾ?"

ವರ್ನಾ ಪಟ್ಟಿಯಿಂದ ಕೈ ತೆಗೆದಳು. ಕ್ಷಮಿಸು ಎಂದಳು. ಎರಡು ಸಲ ಎಂದಳು. ಆ ಮಾತು ಎಷ್ಟು ಹಗುರವಾಗಿತ್ತೆಂದರೆ ಅವಳಿಗೇ ನಾಚಿಕೆಯಾಯಿತು.

"ಇನ್ನೊಂದು ಕಾಲಿನ ಪಟ್ಟಿ ಬಿಗಿಯೋದು ಬಾಕಿ ಇದೆ" ಎಂದಳು ಆರ್ಡಿಸ್. "ಬಿಗಿ. ಸರಿಯಾಗಿ ಬಿಗಿ."

ವರ್ನಾ ಬಿಗಿದಳು. ಅಂಗೈ ತೂರಿಸಿ ನೋಡಿದಳು. ಉಸಿರು ಬಿಡು ಎಂದಳು, ಪೂರ್ತಿ ಬಿಡು ಎಂದಳು. ಆರ್ಡಿಸ್ ಬಿಟ್ಟಳು. ಎದೆಯ ಪಟ್ಟಿಯನ್ನು ಇನ್ನೊಂದು ತೂತು ಸಡಿಲಿಸಿ ಮತ್ತೆ ನೋಡಿದಳು. ಕಣ್ಣು ಮಂಜಾಗಿದ್ದರೂ ಕೈ ಒಂದು ಬಕಲನ್ನೂ ತಪ್ಪಿಸಲಿಲ್ಲ. ನೆಲದಿಂದಲೇ ಹಗ್ಗಕ್ಕೆ ಸಿಕ್ಕಿಸಿಕೊಂಡು ಹತ್ತು, ಮೇಲೆ ಹೋದ ಮೇಲೆ ಸಿಕ್ಕಿಸಿಕೊಂಡರಾಯಿತು ಅಂದ್ಕೋಬೇಡ, ಬೀಳೋರು ಹತ್ತುವಾಗ ಇಳಿಯುವಾಗಲೇ ಬೀಳೋದು ಎಂದು ಹೇಳಿದಳು. ಆರ್ಡಿಸ್ ಗಿರಾಕಿಯ ಹಾಗೆ ತಲೆಯಾಡಿಸಿದಳು. ಏಣಿಯ ಅಟ್ಟಣೆಯನ್ನು ಇಬ್ಬರೂ ಸೇರಿ ಅವಳ ಪಿಕಪ್ಪಿಗೆ ಹೇರಿದರು. 

ಆರ್ಡಿಸ್ ಗಾಡಿ ಹತ್ತಿ ಕೂತಾಗ ವರ್ನಾ ಕಿಟಕಿ ಹಿಡಿದುಕೊಂಡು, "ಅವತ್ತು ಒಬ್ಬಳೇ ಹೋಗ್ತೀಯ. ಹತ್ತಿದ ಮೇಲೆ ಫೋನ್ ಮಾಡು. ಇಳಿದ ಮೇಲೂ ಮಾಡು" ಎಂದಳು.

"ಮಾಡ್ತೀನಿ" ಎಂದಳು ಆರ್ಡಿಸ್. "ನಿನಗಲ್ಲ."

ಆ ಭಾನುವಾರ ವರ್ನಾ ಅಭ್ಯಾಸಬಲದಿಂದ ಎರಡು ತಟ್ಟೆ ಇಟ್ಟು, ಒಂದನ್ನು ತೆಗೆದಿಟ್ಟಳು. ಮುಂದಿನ ಭಾನುವಾರವೂ ಆರ್ಡಿಸ್ ಬರಲಿಲ್ಲ.

ಬೇಟೆಯ ಮೊದಲ ಶನಿವಾರ ಅಂಗಡಿಯ ಮುಂದೆ ಕೊಕ್ಕೆಗೆ ಬಿಡುವೇ ಇರಲಿಲ್ಲ. ವರ್ನಾ ತೂಗಿದಳು, ಕೂಗಿ ಹೇಳಿದಳು, ಕೇಕೆಗಳಿಗೆ ತಲೆಯಾಡಿಸಿದಳು. ನಾಲ್ಕೂವರೆಗೆ ಬೆಳಕು ಹೋಯಿತು. ಐದು ಗಂಟೆಯಾಯಿತು. ಫೋನು ಕೌಂಟರಿನ ಮೇಲಿತ್ತು, ಅದು ರಿಂಗಾಗುವುದಿಲ್ಲ ಎಂದು ಗೊತ್ತಿದ್ದೂ ಅದನ್ನೇ ನೋಡಿದಳು. ಕೊನೆಗೆ ತಡೆಯಲಾರದೆ ಆರ್ಲೋಗೆ ಅಂಗಡಿ ನೋಡಿಕೋ ಎಂದು ಹೇಳಿ ಗಾಡಿ ತೆಗೆದಳು.

ಆರ್ಡಿಸಳ ಅಂಗಳದಲ್ಲಿ ಪಿಕಪ್ ನಿಂತಿತ್ತು. ಅಡುಗೆಮನೆಯ ದೀಪ ಉರಿಯುತ್ತಿತ್ತು. ವರ್ನಾ ರಸ್ತೆಯಲ್ಲೇ ನಿಲ್ಲಿಸಿ ನೋಡಿದಳು. ಕಿಟಕಿಯಲ್ಲಿ ಆರ್ಡಿಸ್ ಇನ್ನೂ ಕಿತ್ತಳೆ ಕೋಟಿನಲ್ಲೇ ನಿಂತು, ಫೋನು ಕಿವಿಗಿಟ್ಟು, ಒಂದು ಕೈ ಅಗಲಕ್ಕೆ ಚಾಚಿ ಯಾರಿಗೋ ಏನೋ ಹೇಳುತ್ತಿದ್ದಳು. ಮರದ ಮೇಲಿನಿಂದ ಏನೇನು ಕಂಡಿತು ಎಂಬುದನ್ನೇ ಇರಬೇಕು. ಕ್ಷೇಮವಾಗಿ ಇಳಿದು ಬಂದಿದ್ದಾಳೆ, ಅಷ್ಟು ಸಾಕು ಎಂದುಕೊಂಡಳು ವರ್ನಾ. ಸಾಕಾಗಲಿಲ್ಲ. ಸ್ಟೀರಿಂಗಿನ ಮೇಲೆ ತಲೆಯಿಟ್ಟು ಅತ್ತಳು. ಆಮೇಲೆ ಗಾಡಿ ತಿರುಗಿಸಿ, ತೂಕಕ್ಕೆ ಕಾಯುತ್ತಿದ್ದವರ ಕಡೆಗೆ ಹೋದಳು.