ಹೀರೋ ನನ್ನ ಕಾಲರ್ ಹಿಡಿದಾಗ

2009ನೇ ಇಸವಿ ಇರಬೇಕು, ಫೆಬ್ರವರಿ ತಿಂಗಳು. ಕಾಫಿ ಹೂವಿಗೆ ನೀರು ಹಾಯಿಸುವ ಕಾಲ ಬಂತೆಂದರೆ ಸ್ಪ್ರಿಂಕ್ಲರ್ ಪಂಪ್ ರಿಪೇರಿ ಮಾಡುವ ನನ್ನಂಥವರಿಗೆ ಉಣ್ಣಲೂ ಪುರುಸೊತ್ತಿರುವುದಿಲ್ಲ. ಬಾಳೂರಿನ ಹತ್ತಿರ ಒಂದು ಎಸ್ಟೇಟಿನಲ್ಲಿ ಹಳೇ ಪಂಪೊಂದು ಕೈಕೊಟ್ಟು ನಾನು ಅಲ್ಲೇ ಉಳಿಯಬೇಕಾಯಿತು. ಗೋಡೌನಿನ ಪಕ್ಕದ ಕೋಣೆಯಲ್ಲಿ ಮಲಗಲು ಜಾಗ ಕೊಟ್ಟಿದ್ದರು.

ಸಂಜೆ ಎಸ್ಟೇಟಿನ ಮಾಲೀಕರಾದ ಗೌಡರ ಮಗ ಪ್ರೀತಂ ಬಂದು, "ಬನ್ನಿ ರಮೇಶಣ್ಣ, ಸಿನಿಮಾ ನೋಡುವ" ಎಂದು ಒಳಗೆ ಕರೆದ. ಕಾಲೇಜು ಓದುವ ಹುಡುಗ, ಬಹಳ ಮರ್ಯಾದಸ್ಥ. ಅವನೂ ಅವನ ಚಿಕ್ಕಪ್ಪನ ಮಗ ಕೀರ್ತಿಯೂ ಮುಖವಾಡದ ಹೀರೋ ಇರುವ ಇಂಗ್ಲಿಷ್ ಡಿವಿಡಿ ತಂದಿದ್ದರು. ಸಿನಿಮಾ ಇಡೀ ಕತ್ತಲು. ನನಗೆ ಒಂದು ಮಾತೂ ತಿಳಿಯಲಿಲ್ಲ, ಪ್ರೀತಂ ಹೇಳಿಕೊಡುತ್ತಿದ್ದ. ನಮ್ಮ ಕಾಲದ ಹೀರೋ ಕಳ್ಳನಿಗೆ ಎರಡು ಬಿಟ್ಟು ಪೊಲೀಸರಿಗೆ ಒಪ್ಪಿಸುತ್ತಿದ್ದ. ಈ ಪುಣ್ಯಾತ್ಮ ಒಬ್ಬನನ್ನು ಮಹಡಿಯ ತುದಿಗೆ ಎಳೆದೊಯ್ದು, ಕೆಳಗೆ ತೂಗಾಡಿಸಿ ಬಾಯಿ ಬಿಡಿಸಿದ. ಹುಡುಗರಿಬ್ಬರೂ ಸೀಟಿ ಹೊಡೆದರು. ಹೆದರಿಸದೆ ಯಾರ ಬಾಯಿಂದಲೂ ನಿಜ ಹೊರಡುವುದಿಲ್ಲ ಎಂದ ಪ್ರೀತಂ. ಇರಬಹುದೆಂದು ನಾನೂ ತಲೆ ಆಡಿಸಿದೆ.

ಮರುದಿನ ಬೆಳಿಗ್ಗೆ ಹುಡುಗರು ನೋಡಿದರೆ ಗೋಡೌನಿನಲ್ಲಿ ಹಣ್ಣಿನ ಸಿಪ್ಪೆ ಬಿಡಿಸಿ ಒಣಗಿಸಿಟ್ಟಿದ್ದ ಪಾರ್ಚ್‌ಮೆಂಟ್ ಕಾಫಿಯ ಮೂಟೆಗಳಿಲ್ಲ. ಗೌಡರು ಹೊರಗೆ ಹೋಗಿದ್ದರು, ತೋಟದ ಮೇಸ್ತ್ರಿಯೂ ಕಾಣಲಿಲ್ಲ. ಪಕ್ಕದಲ್ಲೇ ಮಲಗಿದ್ದ ಹೊರಗಿನವನು ನಾನೊಬ್ಬ. ದಣಿದು ಸತ್ತಂತೆ ನಿದ್ದೆ ಹೋಗಿದ್ದ ನನಗೆ ಅದು ಯಾವುದೂ ಗೊತ್ತಿರಲಿಲ್ಲ. ಪಂಪಿಗೆ ಸಾಮಾನು ತರೋಣವೆಂದು ಹುಡುಗರು ಕರೆದಾಗ ಕೈಯಲ್ಲಿ ಸ್ಪ್ಯಾನರ್ ಹಿಡಿದುಕೊಂಡೇ ಜೀಪು ಹತ್ತಿದೆ. ಜೀಪು ಮೂಡಿಗೆರೆಗೆ ಹೋಗುವ ಬದಲು ದೇವರಮನೆ ಗುಡ್ಡದ ಕಡೆ ತಿರುಗಿತು.

ಗುಡ್ಡದ ಮೇಲೆ ಮಂಜು. ಹುಲ್ಲು ಮುಗಿದಲ್ಲಿಂದ ಆಚೆ ಪ್ರಪಾತ. ಕೀರ್ತಿ ನನ್ನ ಬೆಲ್ಟ್ ಹಿಡಿದ, ಪ್ರೀತಂ ಕಾಲರ್ ಹಿಡಿದು ಮುಂದಕ್ಕೆ ಬಗ್ಗಿಸಿದ.

"ಮೂಟೆ ಎಲ್ಲಿಟ್ಟಿದ್ದೀಯ ಹೇಳು" ಎಂದ. ಅವನ ಬಾಯಲ್ಲಿ ಈಗ 'ಅಣ್ಣ' ಎನ್ನುವುದೂ ಹೋಗಿತ್ತು, 'ನೀವು' ಎನ್ನುವುದೂ ಹೋಗಿತ್ತು.

ಯಾವ ಮೂಟೆ ಎಂದೆ. ತಾಯಿ ಮೇಲೆ ಆಣೆ ಹಾಕಿದೆ, ಮಕ್ಕಳ ಮೇಲೆ ಹಾಕಿದೆ. ಪ್ರತಿ ಆಣೆಗೂ ಇನ್ನಷ್ಟು ಬಗ್ಗಿಸಿದರು. ಕೈಯಿಂದ ಸ್ಪ್ಯಾನರ್ ಜಾರಿ ಮಂಜಿನೊಳಗೆ ಹೋಯಿತು. ಬಿದ್ದ ಸದ್ದೇ ಕೇಳಲಿಲ್ಲ. ಅಂಗಿಯ ಗುಂಡಿ ಕಿತ್ತು ಬಂತು. ಪ್ಯಾಂಟು ಒದ್ದೆಯಾಯಿತು, ಹೇಳಲು ನಾಚಿಕೆಯೇನಿಲ್ಲ.

"ನಾನೇ ಕದ್ದಿದ್ದು" ಎಂದು ಕೂಗಿದೆ.

ತಕ್ಷಣ ಎಳೆದುಕೊಂಡರು. ಪ್ರೀತಂನ ಮುಖದಲ್ಲಿ ಗೆದ್ದ ಸಮಾಧಾನ. ಎಲ್ಲಿಟ್ಟಿದ್ದೀಯ ಎಂದು ಕೇಳಿದಾಗ ಪಂಪ್‌ಹೌಸಿನಲ್ಲಿ ಎಂದುಬಿಟ್ಟೆ. ಅಲ್ಲಿ ಜನ ಓಡಾಡುತ್ತಾರಲ್ಲ, ಅಷ್ಟೇ ಹೊಳೆದದ್ದು. ವಾಪಸು ಬರುವಾಗಿನ ಹೆದರಿಕೆ ಇನ್ನೂ ದೊಡ್ಡದು. ಪಂಪ್‌ಹೌಸಿನಲ್ಲಿ ಮೂಟೆ ಇಲ್ಲವೆಂದು ನನಗೆ ಗೊತ್ತಲ್ಲ! ಮತ್ತೆ ಗುಡ್ಡಕ್ಕೆ ತಂದರೆ ಈ ಸಲ ಬಿಡುವುದಿಲ್ಲ ಎಂದುಕೊಂಡೆ.

ಎಸ್ಟೇಟಿನ ಗೇಟಿನಲ್ಲೇ ಗೌಡರೂ ಮೇಸ್ತ್ರಿಯೂ ಎದುರಾದರು. ಗೋಡೌನಿಗೆ ತೇವ ಬರುತ್ತಿದೆಯೆಂದು ಗೌಡರೇ ಬೆಳಗಿನ ಜಾವ ಮೂಟೆಗಳನ್ನು ಟ್ರ್ಯಾಕ್ಟರಿನಲ್ಲಿ ಮೇಲಿನ ಬಂಗಲೆಗೆ ಸಾಗಿಸಿದ್ದರಂತೆ. ಹುಡುಗರ ಮುಖ ಬಿಳಿಚಿಕೊಂಡಿತು. ನಡೆದದ್ದನ್ನೆಲ್ಲ ಕೇಳಿ ಗೌಡರು ಮಗನ ಕೆನ್ನೆಗೆ ಬಾರಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಅಲ್ಲ ಮಾರಾಯ, ಕದೀದೆ ಇದ್ರೂ ಕದ್ದೆ ಅಂತ ಯಾಕೆ ಹೇಳಿದೆ?"

"ಮನೆಗೆ ಹೋಗ್ಬೇಕಿತ್ತು ಗೌಡ್ರೆ" ಎಂದೆ.

ಪ್ರೀತಂ ಅಳುತ್ತ ಕಾಲಿಗೆ ಬಿದ್ದ. ಅವನು ಕೆಟ್ಟವನಲ್ಲ, ಅದು ನನಗೆ ಆಗಲೂ ಗೊತ್ತಿತ್ತು. ನನ್ನ ಭಯ ಇರುವುದೇ ಅಲ್ಲಿ. ರೌಡಿಯಾಗಿದ್ದರೆ ಮಾಡುತ್ತಿರುವುದು ತಪ್ಪೆಂದು ಅವನಿಗೇ ಗೊತ್ತಿರುತ್ತಿತ್ತು, ಕೈಮುಗಿದರೆ ಬಿಡುತ್ತಿದ್ದನೋ ಏನೋ. ಇವನು ನ್ಯಾಯ ಮಾಡುತ್ತಿದ್ದೇನೆಂದು ಮನಸಾರೆ ನಂಬಿದ್ದ. ಆ ಗುಡ್ಡದ ತುದಿಯಲ್ಲಿ ನಿಜ ಹೇಳಿದಷ್ಟೂ ಸಾವಿಗೆ ಹತ್ತಿರವಾದೆ, ಸುಳ್ಳು ಹೇಳಿದ್ದಕ್ಕೆ ಬದುಕಿದೆ.